ಒಂದು ವಚನಕ್ಕೆ ಒಂದೇ ಮನೆ: ಫ.ಗು. ಹಳಕಟ್ಟಿಯವರೂ ನಮ್ಮ ಹೆಡರ್ ಫೈಲೂ

ವಿಜಯಪುರದಲ್ಲಿ ಇಂಜಿನಿಯರಿಂಗ್ ಓದುವವರಿಗೆ ಹಳಕಟ್ಟಿ ಅನ್ನೋ ಹೆಸರು ಹೊಸದೇನಲ್ಲ. ಜೈನಾಪುರ, ತಿಕೋಟಾ, ಬಬಲೇಶ್ವರ ಕಡೆಯಿಂದ ದಿನಾ ಬಸ್ ಹಿಡಿದು ಬರುವವರಿಗೂ ಗೊತ್ತು, ಹಾಸ್ಟೆಲಿನಲ್ಲಿ ಇರುವವರಿಗೂ ಗೊತ್ತು. ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿಗೇ ಅವರ ಹೆಸರಿದೆ. ಕಾಲೇಜಿನ ಬೋರ್ಡಿನ ಮೇಲೆ ಪಿ.ಜಿ. ಹಳಕಟ್ಟಿ ಅಂತ ಇರುತ್ತದೆ, ಕನ್ನಡ ಪುಸ್ತಕದಲ್ಲಿ ಫ.ಗು. ಹಳಕಟ್ಟಿ ಅಂತ ಇರುತ್ತದೆ. ಎರಡೂ ಒಬ್ಬರೇ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಎಂಬ ಒಬ್ಬ ಮನುಷ್ಯನಿಗೆ ಎರಡು ಸಂಕ್ಷಿಪ್ತ ಹೆಸರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಟೈಪ್‌ಡೆಫ್ ಹಾಕಿದ ಹಾಗೆ. ಹೆಸರು ಎರಡಾದರೂ ಒಳಗಿರುವ ವಸ್ತು ಒಂದೇ.

ಹೆಸರು ಎರಡಾಗಿ ವಸ್ತು ಒಂದೇ ಆದರೆ ತೊಂದರೆ ಇಲ್ಲ. ಹೆಸರು ಒಂದೇ ಇದ್ದು ವಸ್ತು ಎರಡಾದಾಗ ನೋಡ್ರಿ, ಅಲ್ಲಿ ಶುರುವಾಗುತ್ತದೆ ಗೋಳು. ಸಿ ಭಾಷೆಯಲ್ಲಿ ಪ್ರಾಜೆಕ್ಟ್ ಮಾಡುವವರಿಗೆ ಇದು ಹೆಡರ್ ಫೈಲುಗಳಲ್ಲಿ ಎದುರಾಗುತ್ತದೆ. ಹಳಕಟ್ಟಿಯವರಿಗೆ ಇದೇ ಗೋಳು ತಾಳೆಗರಿಗಳಲ್ಲಿ ಎದುರಾಯಿತು. ಅದನ್ನು ಬಿಡಿಸುವುದರಲ್ಲೇ ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದರು. ಈ ಸಂಚಿಕೆಯಲ್ಲಿ ಅವರ ಬದುಕನ್ನು ನಮ್ಮ ಹುಡುಗರಿಗೆ, ಹುಡುಗಿಯರಿಗೆ ನಮ್ಮದೇ ರೀತಿಯಲ್ಲಿ ಹೇಳೋಣ ಅಂತ ಹೊರಟಿದ್ದೇವೆ.

ಧಾರವಾಡದಿಂದ ವಿಜಯಪುರಕ್ಕೆ

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಬರೆಯುತ್ತಿದ್ದವರು. ತಾಯಿ ದಾನಮ್ಮ. ಮಗು ಇನ್ನೂ ಚಿಕ್ಕದಿರುವಾಗಲೇ ತಾಯಿ ತೀರಿಕೊಂಡರು, ಅಜ್ಜಿಯ ಆರೈಕೆಯಲ್ಲಿ ಹುಡುಗ ಬೆಳೆದ. ಧಾರವಾಡದಲ್ಲಿ ಶಾಲೆ ಮುಗಿಸಿ ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದರು. ಅಲ್ಲಿ ಓದಿದ್ದು ವಿಜ್ಞಾನ. ಇದನ್ನು ನಾವು ಮರೆಯಬಾರದು. ವಚನ ಪಿತಾಮಹ ಅಂತ ನಾಡು ಕರೆಯುವ ಮನುಷ್ಯ ಮೊದಲು ಪಡೆದದ್ದು ವಿಜ್ಞಾನದ ಪದವಿ. ಆಮೇಲೆ ಕಾನೂನು ಓದಿ 1904ರಲ್ಲಿ ವಕೀಲರಾದರು.

ಮುಂಬಯಿಯಲ್ಲಿ ಮರಾಠಿಗರು, ಗುಜರಾತಿಗಳು ತಮ್ಮ ಭಾಷೆಗಾಗಿ ಮಾಡುತ್ತಿದ್ದ ಕೆಲಸ ಅವರ ಕಣ್ಣಿಗೆ ಬಿತ್ತು. ಆಲೂರ ವೆಂಕಟರಾಯರು ಅಲ್ಲಿ ಜೊತೆಗೆ ಓದುತ್ತಿದ್ದರು. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳೆಲ್ಲ ಮುಂಬಯಿ ಪ್ರಾಂತದ ಭಾಗ. ಕಚೇರಿ, ಕೋರ್ಟು, ಶಾಲೆ ಎಲ್ಲ ಕಡೆ ಮರಾಠಿಯ ಜೋರು. ಕನ್ನಡಕ್ಕೆ ತನ್ನದೇ ಆದ ದೊಡ್ಡ ಆಸ್ತಿ ಏನಿದೆ ಅನ್ನುವ ಪ್ರಶ್ನೆ ಆ ಕಾಲದ ಓದಿದ ಹುಡುಗರನ್ನು ಕಾಡುತ್ತಿತ್ತು.

ವಕೀಲಿ ಶುರುವಾದದ್ದು ಬೆಳಗಾವಿಯಲ್ಲಿ. ಹೆಚ್ಚು ದಿನ ಅಲ್ಲಿರಲಿಲ್ಲ, ವಿಜಾಪುರಕ್ಕೆ ಬಂದರು, ಅಂದರೆ ಈಗಿನ ವಿಜಯಪುರಕ್ಕೆ. ಬಂದವರು ಕೊನೆಯವರೆಗೂ ಇಲ್ಲೇ ಉಳಿದರು. ಇಲ್ಲಿ ಅವರ ವಕೀಲಿ ಚೆನ್ನಾಗಿಯೇ ನಡೆಯಿತು, ಸರಕಾರಿ ವಕೀಲರೂ ಆದರು. ಹಾಗೇ ಮುಂದುವರಿದಿದ್ದರೆ ದೊಡ್ಡ ಮನೆ, ಹೊಲ, ಗಾಡಿ ಎಲ್ಲ ಆಗುತ್ತಿತ್ತು. ಆದರೆ ಅಷ್ಟರಲ್ಲಿ ತಾಳೆಗರಿಯ ಹುಚ್ಚು ಹಿಡಿದಿತ್ತು. ರಬಕವಿ, ಬನಹಟ್ಟಿ ಕಡೆ ಹೋದಾಗ ಅಲ್ಲಿಯ ಮನೆಯೊಂದರಲ್ಲಿ ವಚನಗಳ ತಾಳೆಗರಿ ಕಟ್ಟುಗಳನ್ನು ಕಂಡದ್ದೇ ಆ ಹುಚ್ಚಿಗೆ ಮೂಲ ಅಂತ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ.

ಕಟ್ಟುಗಳೊಳಗೆ ಏನಿತ್ತು

ಆಗಿನ ಸ್ಥಿತಿ ಸ್ವಲ್ಪ ಕಲ್ಪಿಸಿಕೊಳ್ಳೋಣ. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ ಇದ್ದದ್ದು 12ನೇ ಶತಮಾನದಲ್ಲಿ. ಅವರ ವಚನಗಳನ್ನು ದೊಡ್ಡ ಪ್ರಮಾಣದಲ್ಲಿ ಒಟ್ಟು ಮಾಡುವ ಕೆಲಸ ನಡೆದದ್ದು 15ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ. ನಡುವೆ ಸುಮಾರು 300 ವರ್ಷ. ಆಮೇಲೂ ಹಳಕಟ್ಟಿಯವರ ಕೈಗೆ ಬರುವ ತನಕ ಇನ್ನೂ 400 ವರ್ಷ. ಇಷ್ಟು ದಿನವೂ ವಚನಗಳು ಉಳಿದದ್ದು ಒಬ್ಬರ ಪ್ರತಿ ನೋಡಿ ಇನ್ನೊಬ್ಬರು ಕೈಯಲ್ಲಿ ಬರೆದುಕೊಂಡದ್ದರಿಂದ. ಮಠಗಳಲ್ಲಿ ಕೆಲವು ಕಟ್ಟು, ಮನೆಗಳ ಜಗಲಿಯ ಮೇಲೆ ಕೆಲವು ಕಟ್ಟು. ಎಷ್ಟೋ ಕಡೆ ಅದನ್ನು ಬಿಚ್ಚುತ್ತಲೇ ಇರಲಿಲ್ಲ. ವಿಭೂತಿ ಹಚ್ಚಿ, ಹೂ ಏರಿಸಿ, ಪೂಜೆ ಮಾಡಿ ಮತ್ತೆ ಅಲ್ಲೇ ಇಡುತ್ತಿದ್ದರು. ಒಳಗೆ ಗೆದ್ದಲು ತನ್ನ ಕೆಲಸ ಮಾಡುತ್ತಿತ್ತು.

ಬಿಚ್ಚಿದರೂ ಓದುವುದು ಸುಲಭವಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಮಸಿ ಸವರಿ ಅಕ್ಷರ ಕಾಣುವಂತೆ ಮಾಡುತ್ತಿದ್ದರು. ಪದಗಳ ನಡುವೆ ಜಾಗ ಇಲ್ಲ. ಪೂರ್ಣವಿರಾಮ, ಅಲ್ಪವಿರಾಮ ಇಲ್ಲ. ಎ ಮತ್ತು ಏ, ಒ ಮತ್ತು ಓ ನಡುವಿನ ವ್ಯತ್ಯಾಸ ಹೆಚ್ಚಾಗಿ ಕಾಣುವುದಿಲ್ಲ. ಒಂದು ವಚನ ಎಲ್ಲಿ ಮುಗಿಯಿತು ಅಂತ ತಿಳಿಯಲು ಮುಖ್ಯ ಗುರುತು ಅಂಕಿತ. ಕೂಡಲಸಂಗಮದೇವ ಬಂತೆಂದರೆ ಬಸವಣ್ಣನವರ ವಚನ ಮುಗಿಯಿತು. ಗುಹೇಶ್ವರ ಬಂತೆಂದರೆ ಅಲ್ಲಮಪ್ರಭು. ಚೆನ್ನಮಲ್ಲಿಕಾರ್ಜುನ ಬಂತೆಂದರೆ ಅಕ್ಕ.

ಕೈಯಲ್ಲಿ ಪ್ರತಿ ಮಾಡುವವನು ಯಂತ್ರವಲ್ಲ. ಒಂದು ಸಾಲು ಬಿಟ್ಟುಹೋಗುತ್ತದೆ. ಅರ್ಥವಾಗದ ಹಳೆಯ ಪದದ ಜಾಗದಲ್ಲಿ ತನಗೆ ಗೊತ್ತಿರುವ ಪದ ಕೂಡುತ್ತದೆ. ಎರಡು ಅಂಕಿತ ಹತ್ತಿರ ಹತ್ತಿರ ಇದ್ದರೆ ಒಂದರ ಬದಲು ಇನ್ನೊಂದು ಬೀಳುತ್ತದೆ. ಹೀಗೆ ಒಂದೇ ವಚನ ನಾಲ್ಕು ಕಟ್ಟಿನಲ್ಲಿ ನಾಲ್ಕು ರೂಪದಲ್ಲಿ ಇರುವುದು ಸಾಮಾನ್ಯ. ಶೂನ್ಯಸಂಪಾದನೆಯನ್ನೇ ತೆಗೆದುಕೊಳ್ಳಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಹೀಗೆ ನಾಲ್ವರು ಅದನ್ನು ಬೇರೆ ಬೇರೆಯಾಗಿ ಸಂಕಲನ ಮಾಡಿದ್ದಾರೆ. ವಚನಗಳ ಆಯ್ಕೆ, ಕ್ರಮ ಎಲ್ಲ ಒಂದರಿಂದ ಒಂದಕ್ಕೆ ಬದಲಾಗುತ್ತ ಹೋಗುತ್ತದೆ.

ಇದೇ ಕಥೆ ನಮ್ಮ ಲ್ಯಾಬಿನಲ್ಲಿ

ಈಗ ನಮ್ಮ ಕಡೆ ಬರೋಣ. ಮೂರು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡುತ್ತಿದ್ದಾರೆ ಅಂದುಕೊಳ್ಳಿ. ಹೊಲದ ತೇವಾಂಶ ಅಳೆದು ಪಂಪ್ ಚಾಲೂ ಮಾಡುವ ಸಾಧನ. ಒಬ್ಬರು ಸೆನ್ಸರಿನ ಕೋಡು, ಒಬ್ಬರು ಪಂಪಿನ ಕೋಡು, ಇನ್ನೊಬ್ಬರು ಡಿಸ್‌ಪ್ಲೇ ಕೋಡು. ಮೂವರಿಗೂ ರೀಡಿಂಗ್ ಎಂಬ ಒಂದು ಸ್ಟ್ರಕ್ಟ್ ಬೇಕು. ಮೊದಲನೆಯವರು ತಮ್ಮ ಹೆಡರಿನಲ್ಲಿ ಬರೆದರು. ಎರಡನೆಯವರು ಅದನ್ನು ಕಾಪಿ ಮಾಡಿ ತಮ್ಮ ಹೆಡರಿಗೆ ಹಾಕಿಕೊಂಡರು. ಮೂರನೆಯವರೂ ಅದನ್ನೇ ಮಾಡಿದರು. ತಾಳೆಗರಿ ಪ್ರತಿ ಮಾಡಿದ ಹಾಗೇ.

ಇದರಿಂದ ಎರಡು ತರಹದ ತೊಂದರೆ ಬರುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ಮೊದಲನೆಯದು ಗದ್ದಲ ಮಾಡುವ ತೊಂದರೆ. ಮುಖ್ಯ ಫೈಲಿನಲ್ಲಿ ಸೆನ್ಸರಿನ ಹೆಡರನ್ನೂ ಪಂಪಿನ ಹೆಡರನ್ನೂ ಇನ್‌ಕ್ಲೂಡ್ ಮಾಡುತ್ತೀರಿ. ಇನ್‌ಕ್ಲೂಡ್ ಅಂದರೆ ಬೇರೇನೂ ಅಲ್ಲ, ಆ ಫೈಲಿನಲ್ಲಿ ಇರುವುದನ್ನೆಲ್ಲ ತಂದು ಇಲ್ಲಿ ಅಂಟಿಸು ಅಂತ ಪ್ರೀಪ್ರೊಸೆಸರಿಗೆ ಹೇಳುವುದು. ಎರಡೂ ಹೆಡರು ಅಂಟಿದ ಮೇಲೆ ಕಂಪೈಲರಿಗೆ ಸ್ಟ್ರಕ್ಟ್ ರೀಡಿಂಗ್ ಎರಡು ಸಲ ಕಾಣುತ್ತದೆ. ಎರಡೂ ಅಕ್ಷರಶಃ ಒಂದೇ ಇದ್ದರೂ ಹಳೆಯ ಮಾನಕಗಳ ಪ್ರಕಾರ ಅದು ತಪ್ಪು, ರೀಡೆಫಿನಿಷನ್ ಎರರ್ ಬರುತ್ತದೆ. ಸಿ11 ಬಂದ ಮೇಲೆ, ಅದೇ ಟೈಪಿಗೆ ಅದೇ ಟೈಪ್‌ಡೆಫ್ ಹೆಸರನ್ನು ಎರಡನೇ ಸಲ ಹೇಳಿದರೆ ಕಂಪೈಲರ್ ಸುಮ್ಮನಿರುತ್ತದೆ. ಸ್ಟ್ರಕ್ಟಿನ ಒಡಲನ್ನೇ ಮತ್ತೆ ಬರೆಯಲು ಮಾತ್ರ ಸಿ11 ಬಿಡಲಿಲ್ಲ. ಟ್ಯಾಗೂ ಸದಸ್ಯರೂ ತಂತಾನೆ ಹೊಂದಿದರೆ ಅದಕ್ಕೂ ಅವಕಾಶ ಕೊಟ್ಟದ್ದು ಸಿ23. ಎರರ್ ಬಂದರೆ ಎಲ್ಲರೂ ಬೈದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಇದು ಒಳ್ಳೆಯ ತೊಂದರೆ. ಯಾಕೆಂದರೆ ಅದು ತಾನಾಗಿ ಎದ್ದು ನಿಂತು ಹೇಳುತ್ತದೆ.

ಎರಡನೆಯದು ಬಾಯಿ ಬಿಡದ ತೊಂದರೆ. ಸೆನ್ಸರಿನ ಫೈಲು ತನ್ನ ಹೆಡರನ್ನು ಮಾತ್ರ ಇನ್‌ಕ್ಲೂಡ್ ಮಾಡುತ್ತದೆ, ಪಂಪಿನ ಫೈಲು ತನ್ನದನ್ನು ಮಾತ್ರ. ಆಗ ಒಂದೇ ಕಡೆ ಎರಡು ಪ್ರತಿ ಸೇರುವುದೇ ಇಲ್ಲ, ಎರರ್ ಬರುವುದಿಲ್ಲ. ಒಂದು ದಿನ ಸೆನ್ಸರಿನವರು ತಮ್ಮ ಸ್ಟ್ರಕ್ಟಿಗೆ ಸಮಯ ಎಂಬ ಒಂದು ಇಂಟ್ ಸೇರಿಸುತ್ತಾರೆ. ಮೊದಲು ಒಂದು ಇಂಟ್ ಐಡಿ, ಒಂದು ಫ್ಲೋಟ್ ತೇವಾಂಶ ಇತ್ತು. ಸಾಮಾನ್ಯ ಯಂತ್ರದಲ್ಲಿ ಅದು 8 ಬೈಟು. ಈಗ ಐಡಿ, ಸಮಯ, ತೇವಾಂಶ ಸೇರಿ 12 ಬೈಟು. ಪಂಪಿನವರ ಹೆಡರಿನಲ್ಲಿ ಇನ್ನೂ ಹಳೆಯ 8 ಬೈಟಿನ ಪ್ರತಿಯೇ ಇದೆ. ಎರಡು ಫೈಲೂ ಬೇರೆ ಬೇರೆ ಕಂಪೈಲ್ ಆಗುತ್ತವೆ. ಲಿಂಕರ್ ಎರಡನ್ನೂ ಕೂಡಿಸುತ್ತದೆ. ಸಿ ಭಾಷೆಯ ಲಿಂಕರ್ ನೋಡುವುದು ಫಂಕ್ಷನ್ನು, ವೇರಿಯಬಲ್ಲುಗಳ ಹೆಸರನ್ನು ಅಷ್ಟೇ. ಅವುಗಳ ಟೈಪಿನ ಒಳಗೆ ಏನೇನು ಎಲ್ಲೆಲ್ಲಿದೆ ಅಂತ ಅದು ಕೇಳುವುದಿಲ್ಲ.

ಪ್ರೋಗ್ರಾಂ ಓಡುತ್ತದೆ. ಸೆನ್ಸರಿನವರು ಶುರುವಿನಿಂದ 8 ಬೈಟು ದಾಟಿ ತೇವಾಂಶ ಬರೆದಿದ್ದಾರೆ. ಪಂಪಿನವರು 4 ಬೈಟು ದಾಟಿದಲ್ಲೇ ಅದನ್ನು ಹುಡುಕುತ್ತಾರೆ. ಅಲ್ಲಿರುವುದು ಸಮಯ. ಸಮಯದ ಬಿಟ್‌ಗಳನ್ನೇ ತೇವಾಂಶ ಅಂತ ಓದಿ ಪಂಪು ಯಾವಾಗಲೋ ಚಾಲೂ ಆಗುತ್ತದೆ, ಯಾವಾಗಲೋ ಬಂದ್ ಆಗುತ್ತದೆ. ವಾರಗಟ್ಟಲೆ ಸೆನ್ಸರಿನ ವೈರು, ಬ್ಯಾಟರಿ, ಬೋರ್ಡು ಎಲ್ಲ ಬದಲಾಯಿಸಿ ನೋಡಬಹುದು, ಕಾರಣ ಸಿಗದು. ಇದಕ್ಕೆ ಭಾಷೆಯ ಮಾನಕದಲ್ಲಿ ಅನ್‌ಡಿಫೈನ್ಡ್ ಬಿಹೇವಿಯರ್ ಅನ್ನುತ್ತಾರೆ. ಏನು ಬೇಕಾದರೂ ಆಗಬಹುದು ಅಂತ ಅರ್ಥ.

ಹಳಕಟ್ಟಿಯವರು ಎದುರಿಸಿದ್ದು ಈ ಎರಡನೇ ತರಹದ ತೊಂದರೆ. ರಬಕವಿಯ ಕಟ್ಟು, ಇನ್ನೊಂದು ಊರಿನ ಮಠದ ಕಟ್ಟು ಎಂದೂ ಒಂದೇ ಮೇಜಿನ ಮೇಲೆ ಕೂಡಿದ್ದಿಲ್ಲ. ತನ್ನ ತನ್ನ ಊರಿನಲ್ಲಿ ಪ್ರತಿಯೊಂದು ಕಟ್ಟೂ ಸರಿಯೇ. ಎರಡರ ನಡುವೆ ಭೇದ ಇದೆ ಅಂತ ಹೇಳುವವರೇ ಇರಲಿಲ್ಲ. ಭೇದ ಕಾಣಬೇಕಾದರೆ ಯಾರಾದರೂ ಊರೂರು ತಿರುಗಿ, ಎಲ್ಲವನ್ನೂ ಒಂದು ಕಡೆ ತಂದು, ಪಕ್ಕಪಕ್ಕ ಇಟ್ಟು ನೋಡಬೇಕು.

ಊರೂರು ತಿರುಗಿದ ವಕೀಲ

ಅವರು ಮಾಡಿದ್ದು ಅದನ್ನೇ. ಕೋರ್ಟಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಹಳ್ಳಿಗಳಿಗೆ, ಮಠಗಳಿಗೆ ಹೋದರು. ಪೂಜೆಯ ಕಟ್ಟನ್ನು ಕೊಡಲು ಮನೆಯವರು ಒಪ್ಪಬೇಕು, ಅದಕ್ಕೆ ತಾಳ್ಮೆ ಬೇಕು. ಕೊಟ್ಟದ್ದನ್ನು ನಕಲು ಮಾಡಬೇಕು. ಬೇರೆ ಕಟ್ಟಿನ ಜೊತೆ ಹೋಲಿಸಬೇಕು. ಯಾರ ಹೆಸರಿನಲ್ಲಿ ಎಷ್ಟು ವಚನ ಇದೆ, ಯಾವುದು ಎರಡು ಕಡೆ ಬಂದಿದೆ, ಯಾವುದು ಇನ್ನೊಬ್ಬರ ಅಂಕಿತದಲ್ಲಿ ಸೇರಿದೆ ಅಂತ ನೋಡಬೇಕು. ವಕೀಲರಿಗೆ ಸಾಕ್ಷಿ ತೂಗಿ ನೋಡುವ ರೂಢಿ ಇರುತ್ತದೆ. ವಿಜ್ಞಾನ ಓದಿದವರಿಗೆ ವರ್ಗೀಕರಣದ ರೂಢಿ ಇರುತ್ತದೆ. ಅವರಿಗೆ ಎರಡೂ ಇತ್ತು.

ಅವರಿಗಿಂತ ಮೊದಲೂ ಕೆಲವು ವಚನಗಳು ಅಚ್ಚಾಗಿದ್ದವು. ಆದರೆ ಹೆಸರು ಗೊತ್ತಿದ್ದ ವಚನಕಾರರು ಬೆರಳೆಣಿಕೆಯಷ್ಟಲ್ಲದಿದ್ದರೂ ಕಡಿಮೆಯೇ. ಹಳಕಟ್ಟಿಯವರ ಹುಡುಕಾಟದಿಂದ 250ಕ್ಕೂ ಹೆಚ್ಚು ವಚನಕಾರರ ಹೆಸರು ಬೆಳಕಿಗೆ ಬಂತು. ಅವರಲ್ಲಿ ಅಂಬಿಗರು, ಮಾದಾರರು, ನೇಕಾರರು, ಹೆಂಗಸರು ಎಲ್ಲ ಇದ್ದಾರೆ. ಒಂದು ಕಟ್ಟು ಗೆದ್ದಲಿಗೆ ಹೋದರೆ ಒಬ್ಬ ಮನುಷ್ಯನ ಮಾತು ಪೂರ್ತಿ ಹೋದಂತೆ. ನಮ್ಮ ಕೋಡು ಹಾಳಾದರೆ ಪಂಪು ತಪ್ಪಾಗಿ ಓಡುತ್ತದೆ. ಅಲ್ಲಿ ಹಾಳಾದರೆ 800 ವರ್ಷದ ಹಿಂದೆ ದುಡಿದು ತಿಂದವನೊಬ್ಬ ಏನು ಯೋಚಿಸಿದ್ದ ಅನ್ನುವುದು ಯಾರಿಗೂ ಮತ್ತೆ ತಿಳಿಯುವುದಿಲ್ಲ.

ಹೀಗೆ ಕೂಡಿಸಿದ್ದನ್ನು ವಿಷಯವಾರು ಜೋಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು. ಅದು ಸುಲಭವಾಗಿ ಆಗಲಿಲ್ಲ. ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂತು. ಆಮೇಲೆ ಬೆಳಗಾವಿಯಲ್ಲಿ ಅದು ಅಚ್ಚಾಯಿತು. ಕನ್ನಡ ಓದುವ ಜನ ವಚನಗಳ ರಾಶಿಯನ್ನು ಒಂದೇ ಪುಸ್ತಕದಲ್ಲಿ ಕಂಡದ್ದು ಆಗ. ಅದರ ಮರುವರ್ಷವೇ, 1924ರಲ್ಲಿ, ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಹೀಗೇ ಊರೂರು ತಿರುಗಿ ಕೂಡಿಸಿ ಪ್ರಕಟಿಸಿದರು. ಆ ದಶಕ ಇಂಥ ಕೆಲಸದ ದಶಕ.

ಮನೆ ಮಾರಿ ತಂದ ಅಚ್ಚಿನ ಯಂತ್ರ

ಬೇರೆಯವರ ಮುದ್ರಣಾಲಯ ನಂಬಿಕೊಂಡರೆ ಕೆಲಸ ಸಾಗದು ಅಂತ ಹಳಕಟ್ಟಿಯವರಿಗೆ ಗೊತ್ತಾಯಿತು. 1925ರಲ್ಲಿ ವಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ದುಡ್ಡು ಎಲ್ಲಿಂದ ಬಂತು ಅಂದರೆ, ಇದ್ದ ಸ್ವಂತ ಮನೆ ಮಾರಿದರು. ಮುಂದೆ ಬಾಡಿಗೆ ಮನೆಯಲ್ಲೇ ಬಾಳಿದರು. ವಚನಗಳಿಗೆ ಒಂದು ನೆಲೆ ಮಾಡಲು ತಮ್ಮ ನೆಲೆ ಕಳೆದುಕೊಂಡರು.

ಅಚ್ಚಿನ ಯಂತ್ರ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ನಾವು ಬೇಗ ಅರ್ಥ ಮಾಡಿಕೊಳ್ಳಬಹುದು. ಆಗಿನ ಮುದ್ರಣದಲ್ಲಿ ಪ್ರತಿ ಅಕ್ಷರಕ್ಕೂ ಸೀಸದ ಅಚ್ಚುಮೊಳೆ ಇರುತ್ತಿತ್ತು. ಅದಕ್ಕೂ ಟೈಪ್ ಅಂತಲೇ ಹೆಸರು ನೋಡ್ರಿ. ಕೆಲಸಗಾರ ಒಂದೊಂದೇ ಮೊಳೆ ಆರಿಸಿ ಸಾಲು ಜೋಡಿಸುತ್ತಾನೆ. ಕನ್ನಡದಲ್ಲಿ ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ ಈ ಜೋಡಣೆ ಇಂಗ್ಲಿಷಿಗಿಂತ ಬಹಳ ತ್ರಾಸಿನದು. ಆದರೆ ಒಮ್ಮೆ ಜೋಡಿಸಿ, ಕರಡು ತಿದ್ದಿ ಮುಗಿಸಿದರೆ ಆಯಿತು. ನೂರು ಪ್ರತಿ ತೆಗೆದರೂ, ಸಾವಿರ ತೆಗೆದರೂ ಎಲ್ಲದರಲ್ಲೂ ಅದೇ ಪಾಠ. ತಪ್ಪು ಇದ್ದರೆ ಎಲ್ಲದರಲ್ಲೂ ಒಂದೇ ತಪ್ಪು, ಒಂದು ಕಡೆ ತಿದ್ದಿದರೆ ಮುಂದಿನ ಮುದ್ರಣದಲ್ಲಿ ಎಲ್ಲ ಕಡೆ ತಿದ್ದಿದಂತೆ.

ತಾಳೆಗರಿ ನಕಲು ಮಾಡುವುದು ಕಾಪಿ-ಪೇಸ್ಟ್ ಇದ್ದ ಹಾಗೆ. ಅಚ್ಚು ಹಾಕುವುದು ಒಂದೇ ಹೆಡರನ್ನು ಎಲ್ಲರೂ ಇನ್‌ಕ್ಲೂಡ್ ಮಾಡಿದ ಹಾಗೆ. ನಮ್ಮ ಪ್ರಾಜೆಕ್ಟಿಗೂ ಉಪಾಯ ಇದೇ. ರೀಡಿಂಗ್ ಸ್ಟ್ರಕ್ಟಿಗೆ ತನ್ನದೇ ಒಂದು ಹೆಡರು ಮಾಡಿ. ಅದರ ಒಡಲು ಅಲ್ಲಿ ಮಾತ್ರ ಇರಲಿ. ಸೆನ್ಸರ್, ಪಂಪ್, ಡಿಸ್‌ಪ್ಲೇ ಮೂರೂ ಹೆಡರುಗಳು ಅದನ್ನು ಕರೆಯಲಿ, ಯಾರೂ ನಕಲು ಇಟ್ಟುಕೊಳ್ಳಬೇಡಿ. ಸಮಯ ಸೇರಿಸಬೇಕಾದರೆ ಒಂದೇ ಕಡೆ ಸೇರಿಸಿ, ಮತ್ತೆ ಎಲ್ಲ ಕಂಪೈಲ್ ಮಾಡಿ. ಎಲ್ಲರಿಗೂ 12 ಬೈಟು.

1926ರಲ್ಲಿ ಹಳಕಟ್ಟಿಯವರು ಶಿವಾನುಭವ ಎಂಬ ಪತ್ರಿಕೆ ಆರಂಭಿಸಿದರು. ಮೊದಲು ತ್ರೈಮಾಸಿಕ, ಆಮೇಲೆ ಮಾಸಿಕ. ಸಿಕ್ಕ ಹೊಸ ವಚನ, ಶರಣರ ಚರಿತ್ರೆ, ಸಂಶೋಧನೆ ಎಲ್ಲ ಅದರಲ್ಲಿ ಬರುತ್ತಿತ್ತು. ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದರು. ಲಾಭಕ್ಕಾಗಿ ನಡೆಸಿದ ಪತ್ರಿಕೆಯಲ್ಲ ಅದು. 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆಯನ್ನೂ ಶುರು ಮಾಡಿದರು. ಹರಿಹರನ ರಗಳೆಗಳು, ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆ ಇಂಥವೂ ಅವರ ಕೈಯಿಂದ ಅಚ್ಚಿಗೆ ಬಂದವು. 1926ರಲ್ಲೇ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು.

ಅಂಕಿತವೂ ಗಾರ್ಡೂ

ಒಂದೇ ಹೆಡರು ಮಾಡಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಸೆನ್ಸರ್ ಹೆಡರೂ ರೀಡಿಂಗ್ ಹೆಡರನ್ನು ಕರೆಯುತ್ತದೆ, ಪಂಪ್ ಹೆಡರೂ ಕರೆಯುತ್ತದೆ. ಮುಖ್ಯ ಫೈಲು ಎರಡನ್ನೂ ಕರೆದಾಗ ರೀಡಿಂಗ್ ಎರಡು ಸಲ ಅಂಟುತ್ತದೆ, ಮತ್ತೆ ಅದೇ ರೀಡೆಫಿನಿಷನ್. ಇದಕ್ಕೆ ಇನ್‌ಕ್ಲೂಡ್ ಗಾರ್ಡ್ ಹಾಕುತ್ತೇವೆ. ಹೆಡರಿನ ಮೊದಲಿಗೆ ಇಫ್‌ಎನ್‌ಡೆಫ್ ಬರೆದು ಒಂದು ಹೆಸರು ಕೊಡುವುದು, ಕೆಳಗಿನ ಸಾಲಿನಲ್ಲಿ ಅದೇ ಹೆಸರನ್ನು ಡಿಫೈನ್ ಮಾಡುವುದು, ಕೊನೆಯಲ್ಲಿ ಎಂಡಿಫ್. ಮೊದಲ ಸಲ ಬಂದಾಗ ಹೆಸರು ಇರುವುದಿಲ್ಲ, ಒಳಗೆ ಬಿಡುತ್ತದೆ. ಎರಡನೇ ಸಲ ಹೆಸರು ಇರುತ್ತದೆ, ಇಡೀ ಹೆಡರನ್ನು ದಾಟಿಸಿಬಿಡುತ್ತದೆ. ಪ್ರಾಗ್ಮಾ ಒನ್ಸ್ ಎಂಬ ಒಂದೇ ಸಾಲಿನಿಂದಲೂ ಇದು ಆಗುತ್ತದೆ. ಅದು ಮಾನಕದಲ್ಲಿ ಇಲ್ಲ, ಆದರೆ ಈಗಿನ ಮುಖ್ಯ ಕಂಪೈಲರುಗಳೆಲ್ಲ ಒಪ್ಪುತ್ತವೆ.

ಇಲ್ಲಿ ಗಾರ್ಡಿಗೆ ಕೊಡುವ ಹೆಸರೇ ಮುಖ್ಯ. ಇಬ್ಬರು ತಮ್ಮ ತಮ್ಮ ಹೆಡರಿಗೆ ಕಾಮನ್ ಅಂತ ಒಂದೇ ಗಾರ್ಡ್ ಹೆಸರು ಇಟ್ಟರೆ, ಮೊದಲ ಹೆಡರು ಒಳಗೆ ಬರುತ್ತದೆ, ಎರಡನೆಯದು ಸದ್ದಿಲ್ಲದೆ ಮಾಯವಾಗುತ್ತದೆ. ಇದು ಬೇರೆಯದೇ ಹೆಡರು ಅಂತ ಪ್ರೀಪ್ರೊಸೆಸರಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಹೆಸರೇ ಗುರುತು.

ಅಂಕಿತಗಳ ಪಾಡೂ ಇದೇ. ಬಸವಣ್ಣನವರದು ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ನಡುವೆ ಚೆನ್ನ ಎಂಬ ಎರಡಕ್ಷರದ ಅಂತರ. ಅಕ್ಕನದು ಚೆನ್ನಮಲ್ಲಿಕಾರ್ಜುನ, ಸಿದ್ಧರಾಮನದು ಕಪಿಲಸಿದ್ಧಮಲ್ಲಿಕಾರ್ಜುನ. ಪ್ರತಿ ಮಾಡುವವನ ಕೈ ಸ್ವಲ್ಪ ಜಾರಿದರೆ ಒಬ್ಬರ ವಚನ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬ ಚರ್ಚೆಯನ್ನು ವಿದ್ವಾಂಸರು ಬಹಳ ಕಾಲ ಮಾಡಿದ್ದಾರೆ. ಅದಕ್ಕೇ ನಮ್ಮ ಹಿರಿಯ ವಿದ್ಯಾರ್ಥಿಗಳು ಗಾರ್ಡ್ ಹೆಸರಿನಲ್ಲಿ ಪ್ರಾಜೆಕ್ಟಿನ ಹೆಸರು, ಫೋಲ್ಡರ್ ಹೆಸರು, ಫೈಲ್ ಹೆಸರು ಮೂರನ್ನೂ ಸೇರಿಸಿ ಅಂತ ಹೇಳುವುದು. ಉದ್ದವಾದರೂ ಪರವಾಗಿಲ್ಲ, ಬೇರೆಯವರ ಹೆಸರಿಗೆ ತಾಗಬಾರದು.

ಇನ್ನೊಂದು ಮಾತು. ಗಾರ್ಡ್ ಕಾಯುವುದು ಒಂದು ಫೈಲನ್ನು ಕಂಪೈಲ್ ಮಾಡುವಾಗ ಮಾತ್ರ. ಎರಡು ಬೇರೆ ಹೆಡರುಗಳಲ್ಲಿ ಎರಡು ಬೇರೆ ರೀಡಿಂಗ್ ಇಟ್ಟುಕೊಂಡು ಎರಡಕ್ಕೂ ಚೆಂದದ ಗಾರ್ಡ್ ಹಾಕಿದರೆ, ಆ ಬಾಯಿ ಬಿಡದ ತೊಂದರೆ ಹಾಗೇ ಉಳಿಯುತ್ತದೆ. ಗಾರ್ಡ್ ಹಾಕಿದೆವು, ಇನ್ನು ಚಿಂತೆ ಇಲ್ಲ ಅನ್ನುವ ಹಾಗಿಲ್ಲ. ಒಡಲು ಒಂದೇ ಕಡೆ ಇರಬೇಕು ಅನ್ನುವುದು ಮೊದಲ ನಿಯಮ, ಗಾರ್ಡ್ ಅದಕ್ಕೆ ಜೊತೆ.

ಹೋಲಿಕೆ ಎಲ್ಲಿ ನಿಲ್ಲುತ್ತದೆ

ಇಷ್ಟು ಹೇಳಿದ ಮೇಲೆ ಒಂದು ವ್ಯತ್ಯಾಸವನ್ನೂ ಹೇಳದಿದ್ದರೆ ಹಳಕಟ್ಟಿಯವರಿಗೆ ಅನ್ಯಾಯ ಮಾಡಿದಂತೆ. ನಮ್ಮ ಸ್ಟ್ರಕ್ಟನ್ನು ಬರೆದವರು ನಾವೇ. ಮೂರು ಪ್ರತಿಗಳಲ್ಲಿ ಯಾವುದು ಸರಿ ಅಂತ ಕೂತು ಮಾತಾಡಿ ತೀರ್ಮಾನ ಮಾಡಿ, ಉಳಿದ ಎರಡನ್ನು ಅಳಿಸಿದರೆ ಮುಗಿಯಿತು. ವಚನದ ವಿಷಯದಲ್ಲಿ ಮೂಲ ಬರೆದವರು ಇಲ್ಲ, ಮೂಲ ಪ್ರತಿಯೂ ಇಲ್ಲ. ಇರುವುದು ನಕಲಿನ ನಕಲು. ಒಂದನ್ನು ಆರಿಸಿ ಉಳಿದದ್ದನ್ನು ಎಸೆದರೆ, ಎಸೆದದ್ದರಲ್ಲೇ ಹಳೆಯ ಪಾಠ ಇದ್ದಿರಲೂಬಹುದು. ಹಾಗಾಗಿ ಸಂಪಾದಕ ಒಂದು ಪಾಠವನ್ನು ಮುಂದಿಟ್ಟರೂ ಉಳಿದ ಪಾಠಗಳನ್ನು ಕಾಪಾಡಬೇಕು, ಮುಂದಿನವರು ತಿದ್ದಲು ದಾರಿ ಬಿಡಬೇಕು.

ಮುಂದಿನವರು ತಿದ್ದಿದರು ಕೂಡ. ಹಳಕಟ್ಟಿಯವರ ನಂತರ ಎಷ್ಟೋ ವಿದ್ವಾಂಸರು ಹೊಸ ಹಸ್ತಪ್ರತಿ ಹುಡುಕಿದರು, ಪಾಠ ಪರಿಷ್ಕರಿಸಿದರು. ಕೊನೆಗೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರದಿಂದ 1993ರಲ್ಲಿ ಸಮಗ್ರ ವಚನ ಸಂಪುಟಗಳು ಬಂದವು, ಒಟ್ಟು 15 ಸಂಪುಟ. ಇವತ್ತು ಯಾರಾದರೂ ಒಂದು ವಚನದ ಬಗ್ಗೆ ಮಾತಾಡುವಾಗ ಸಂಪುಟದ ಸಂಖ್ಯೆ, ವಚನದ ಸಂಖ್ಯೆ ಹೇಳಿ ಎಲ್ಲರೂ ಒಂದೇ ಪಾಠ ನೋಡುವ ಹಾಗೆ ಮಾಡಬಹುದು. ಇದಕ್ಕೆ ಅಡಿಗಲ್ಲು ಹಾಕಿದ್ದು ವಿಜಯಪುರದ ಬಾಡಿಗೆ ಮನೆಯಲ್ಲಿ.

ಉಳಿದ ಕೆಲಸಗಳು

ಹಳಕಟ್ಟಿಯವರು ವಚನಗಳಲ್ಲಿ ಮುಳುಗಿ ಊರನ್ನು ಮರೆತವರಲ್ಲ. 1910ರಲ್ಲಿ ಅವರ ಮುಂದಾಳತ್ವದಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಆ ಸಂಸ್ಥೆಯ ಶಾಲೆ, ಕಾಲೇಜುಗಳಿಂದ ಬಂದವರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಶುರುವಾಗಲು ಅವರೇ ಕಾರಣ. ಬರ ಬಿದ್ದರೆ ಸಾಲದಲ್ಲಿ ಮುಳುಗುವ ಈ ಸೀಮೆಯ ಜನಕ್ಕೆ ಸಹಕಾರಿ ಬ್ಯಾಂಕ್ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1920ರ ದಶಕದ ಶುರುವಿನಲ್ಲಿ ಮುಂಬಯಿಯ ಶಾಸನ ಸಭೆಯಲ್ಲೂ ಅವರು ಸದಸ್ಯರಾಗಿದ್ದರು. ಕನ್ನಡ ಮಾತಾಡುವ ಪ್ರದೇಶಗಳೆಲ್ಲ ಒಂದಾಗಬೇಕೆಂಬ ಏಕೀಕರಣದ ಕೆಲಸದಲ್ಲೂ ಇದ್ದರು. ಹಂಗ ನೋಡಿದ್ರ ಏಕೀಕರಣವೂ ಚದುರಿದ್ದನ್ನು ಒಂದು ಕಡೆ ತರುವ ಕೆಲಸವೇ.

ಬಿ.ಎಂ.ಶ್ರೀಯವರು ವಿಜಾಪುರಕ್ಕೆ ಬಂದಾಗ, ಗೋಳಗುಮ್ಮಟಕ್ಕಿಂತ ಮೊದಲು ವಚನ ಗುಮ್ಮಟವನ್ನು ನೋಡಬೇಕು ಅಂತ ಹಳಕಟ್ಟಿಯವರ ಮನೆಗೆ ಹೋದರು ಎಂಬ ಕಥೆಯನ್ನು ನಮ್ಮ ಊರಿನಲ್ಲಿ ಹಿರಿಯರು ಈಗಲೂ ಹೇಳುತ್ತಾರೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ರಾಜ್ಯ ಏಕೀಕರಣವಾದದ್ದೂ ಅದೇ ವರ್ಷ. 1964ರ ಜೂನ್ 29ರಂದು, ಇನ್ನು ಮೂರು ದಿನಕ್ಕೆ 84 ತುಂಬಬೇಕೆನ್ನುವಾಗ, ಅವರು ತೀರಿಕೊಂಡರು. ಅವರ ಹುಟ್ಟಿದ ದಿನ ಜುಲೈ 2ನ್ನು ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ರಾಜ್ಯದಲ್ಲಿ ಆಚರಿಸುತ್ತೇವೆ.

ಜುಲೈ 2 ಬಂದಾಗ ಫೋಟೋಕ್ಕೆ ಹಾರ ಹಾಕಿ ಭಾಷಣ ಕೇಳುವುದು ಇದ್ದದ್ದೇ. ಈ ಸಲ ನಮ್ಮ ಬಳಗದಿಂದ ಇನ್ನೊಂದು ಸಣ್ಣ ಕೆಲಸ ಸೂಚಿಸುತ್ತಿದ್ದೇವೆ. ನಿಮ್ಮ ನಿಮ್ಮ ಪ್ರಾಜೆಕ್ಟಿನ ಫೋಲ್ಡರ್ ತೆರೆಯಿರಿ. ಒಂದೇ ಹೆಸರಿನ ಸ್ಟ್ರಕ್ಟ್, ಈನಮ್, ಟೈಪ್‌ಡೆಫ್ ಎಷ್ಟು ಹೆಡರುಗಳಲ್ಲಿ ಇದೆ ಅಂತ ಹುಡುಕಿ. ಎರಡು ಕಡೆ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ಭೇದ ಇದೆಯೇ ನೋಡಿ. ಜೊತೆಗಾರರನ್ನು ಕೂಡಿಸಿ ಸರಿಯಾದದ್ದು ಯಾವುದು ಅಂತ ನಿರ್ಧರಿಸಿ, ಅದಕ್ಕೊಂದು ಹೆಡರು ಮಾಡಿ, ಬೇರೆಯವರಿಗೆ ತಾಗದ ಗಾರ್ಡ್ ಹೆಸರು ಕೊಡಿ, ಉಳಿದ ನಕಲು ತೆಗೆಯಿರಿ. ಪಾಯಿಂಟರ್ ಮಾತ್ರ ಬೇಕಾದ ಕಡೆ ಸ್ಟ್ರಕ್ಟಿನ ಹೆಸರು ಘೋಷಿಸಿದರೆ ಸಾಕು, ಇಡೀ ಒಡಲು ಬೇಡ. ಪ್ರತಿ ಸಿ ಫೈಲಿನಲ್ಲೂ ಅದರದೇ ಹೆಡರನ್ನು ಎಲ್ಲಕ್ಕಿಂತ ಮೊದಲು ಇನ್‌ಕ್ಲೂಡ್ ಮಾಡಿ, ಆ ಹೆಡರಿಗೆ ಬೇಕಾದದ್ದು ಅದರಲ್ಲೇ ಇದೆಯೋ ಇಲ್ಲವೋ ಆಗಲೇ ಗೊತ್ತಾಗುತ್ತದೆ.

ಒಂದು ಸಂಜೆಯ ಕೆಲಸ ಇದು. ಕಂಪೈಲರ್ ಇದೆ, ಹುಡುಕಲು ಎಡಿಟರ್ ಇದೆ, ಕರೆಂಟು ಇದೆ. ಹಳಕಟ್ಟಿಯವರ ಹತ್ತಿರ ಇವು ಯಾವುವೂ ಇರಲಿಲ್ಲ. ಇದ್ದ ಒಂದು ಮನೆಯನ್ನೂ ಮಾರಿಯೇ ಅವರು ಈ ಕೆಲಸ ಮಾಡಿದರು.